ಬಾರ್ಕೂರು ಕಾಣದ ಮಾಸ್ಟ್ರು

ನಮ್ಮ ಕಡೆ ಅವಸರದಲ್ಲಿ ಹೊರಟವನಿಗೇ ಏನಾದರೂ ಆಗುವುದು. ನನಗೆ ಹುಟ್ಟಿದಂದಿನಿಂದ ಅವಸರ, ಹಾಗಾಗಿ ಇಂಥ ಪ್ರಸಂಗಗಳಿಗೆ ಬರವಿಲ್ಲ.

೧. ಒಂದು ಹ್ಞೂಂ

ಬೈಂದೂರು ಕಡೆಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಸಮಾಜ ಪಾಠ ಮಾಡುತ್ತಿದ್ದೇನೆ. ಅಳುಪರ ರಾಜಧಾನಿ ಬಾರ್ಕೂರು ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಬಾರ್ಕೂರು ಮಾತ್ರ ನೋಡಿರಲಿಲ್ಲ. ಈ ಸಲ ಒಬ್ಬ ಹುಡುಗಿ "ಸರ್, ನೀವ್ ಕಂಡಿದ್ರ್ಯಾ?" ಎಂದು ಕೇಳಿಬಿಟ್ಟಳು. ಮರ್ಯಾದೆ ಪ್ರಶ್ನೆ, ಹ್ಞೂಂ ಎಂದೆ. ಅದು ಹೆಡ್‌ಮೇಡಂ ಕಿವಿಗೆ ಬಿತ್ತು. ಹಾಗಾದರೆ ಶಾಲೆಯ ಪ್ರವಾಸ ಅಲ್ಲಿಗೇ, ವಿವರಿಸುವುದು ನೀವೇ ಎಂದರು.

ಸೋಮವಾರ ಬಸ್ಸು. ಭಾನುವಾರ ಬೆಳಿಗ್ಗೆ ಆರಕ್ಕೇ ಸ್ಕೂಟರ್ ಹತ್ತಿ ಹಾರ್ನ್ ಹೊಡೆಯತೊಡಗಿದೆ. ಸಾವಿರ ವರ್ಷ ಕಾದ ಕೋಟೆ ತಾನು ಸೀರೆ ಉಡುವ ತನಕ ಕಾಯುವುದಿಲ್ಲವಾ ಎಂದು ಹೆಂಡತಿ ಒಳಗಿಂದಲೇ ಕೇಳಿದಳು.

೨. ಕೀ

ದಾರಿಯಲ್ಲಿ, ಕೋಟ ಎಂಬ ಊರಿನಲ್ಲಿ, ಹೆಂಡತಿಯ ಚಿಕ್ಕಮ್ಮನ ಮನೆ. ಹೊಗದೆ ಹೋದರೆ ಮುಂದಿನ ಮದುವೆಯಲ್ಲಿ ಮುಖ ತೋರಿಸುವಂತಿಲ್ಲ. ನಮ್ಮಲ್ಲಿ ಚಪ್ಪಲಿ ಕಳಚಿದವನು ನೆಂಟ, ನೆಂಟನಾದರೆ ಊಟ ಬಿಡದು. ಅದಕ್ಕೆ ನಾನು ಇಳಿಯಲಿಲ್ಲ, ಹೆಲ್ಮೆಟ್ ತೆಗೆಯಲಿಲ್ಲ, ಎಂಜಿನ್ನೂ ನಿಲ್ಲಿಸಲಿಲ್ಲ. ಚಿಕ್ಕಮ್ಮ ನೀರು ಬೆಲ್ಲ ಹಿಡಿದು ಅಂಗಳಕ್ಕೇ ಬಂದರು. ನಾನು ಬೆಲ್ಲ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಎಂಜಿನ್ ಸದ್ದು ನಿಂತಿತು. ಕೀ ಅವರ ಸೆರಗಿನ ಗಂಟಿಗೆ ಸೇರಿತ್ತು.

"ಉಂಡ್ಕಂಡೇ ಹೋಪ್ದ್. ಪಾಯಸ ಆದ್ಮೇಲ್ ಕೀ ಕೊಡ್ತೆ."

ಪಾಯಸಕ್ಕೆ ಕಾಯಿ ತುರಿಯಲು ಕೂತದ್ದೇ ಆಮೇಲೆ.

೩. ಪಟ್ಟದಾನೆ

ಬಾರ್ಕೂರು ಮುಟ್ಟಿದಾಗ ಸಂಜೆ ನಾಲ್ಕು ದಾಟಿತ್ತು. ಹೊಟ್ಟೆಯಲ್ಲಿ ಪಾಯಸ, ತಲೆಯಲ್ಲಿ ಸೋಮವಾರ. ಕತ್ತಲೆ ಬಸದಿಯ ಮುಂದೆ ಹೆಂಗಸೊಬ್ಬಳು ಹುಲ್ಲಿನ ಹೊರೆ ಇಳಿಸಿ, ಐದಾರು ಪ್ರವಾಸಿಗರಿಗೆ ಕಥೆ ಹೇಳುತ್ತಿದ್ದಳು. ದೇವರು ಕೊಟ್ಟ ಗೈಡ್ ಎಂದು ಚೀಟಿ ತೆಗೆದು ಅವರ ಹಿಂದೆ ನಿಂತೆ. ರಾಜನ ಪಟ್ಟದಾನೆ ಬಿಸಿಲೇರಿದರೆ ಇಲ್ಲಿ ನುಗ್ಗಿ ಮಲಗುತ್ತಿತ್ತಂತೆ. ಎಬ್ಬಿಸಿ ಎಬ್ಬಿಸಿ ಸಾಕಾಗಿ ರಾಜ ಕಲ್ಲಿನ ಚಾವಣಿಯನ್ನು ಇಷ್ಟು ತಗ್ಗಿಸಿದನಂತೆ. ಪ್ರವಾಸಿಗರು ಫೋನಿನಲ್ಲಿ ಹಿಡಿದರು, ನಾನು ಚೀಟಿಯಲ್ಲಿ ಬರೆದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ಕೈಮುಗಿದಳು.

"ನೀವೇ ಹೇಳದ್ದ್ ಅಲ್ದಾ ಸರ್? ಎಂಟನೇ ಕ್ಲಾಸಂಗೆ. ಮದಿ ಆಯಿ ಈ ಊರಿಗ್ ಬಂದ್ಮೇಲ್, ಬಂದೋರಿಗೆಲ್ಲ ಅದನ್ನೇ ಹೇಳ್ತೆ."

ಆಗ ನೆನಪಾಯಿತು. ಜೋರು ಮಳೆಯ ದಿನ ಕ್ಲಾಸಿನ ಗಲಾಟೆ ಅಡಗಿಸಲು ನಾನೇ ಕಟ್ಟಿದ ಕಥೆ ಅದು. ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಪ್ರವಾಸಿಗರು ಅವಳ ಗುರುಗಳ ಜೊತೆ ಫೋಟೋ ಬೇಕೆಂದು ನನ್ನನ್ನು ನಡುವೆ ನಿಲ್ಲಿಸಿದರು. ಫೋಟೋ ಮುಗಿದ ಮೇಲೆ, ನಾಳೆ ಮಕ್ಕಳಿಗೆ ಏನು ಹೇಳಲಿ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

"ನಾಳಿಗ್ ಎಂತ ಹೆದ್ರಿಕಿ?" ಎಂದಳು. "ಈ ಊರಂಗೆ ಯಾರ್ ಹತ್ರ ಕೇಂಡ್ರೂ ನೀವ್ ಹೇಳದ್ದೇ ಸಮ ಅಂತ್ರ್."