ಐನೂರ್ವರು ಮತ್ತು ಮೂವತ್ತು ಅಂಗಡಿ

ಗಂಡ ಮಾತಾಡುವಾಗ ಅರ್ಧ ಕಿವಿ ಕೊಡುವುದು ಯಾರೂ ಹೇಳಿಕೊಡದೆ ಹೆಂಡತಿಯರಿಗೆ ಬರುವ ವಿದ್ಯೆ. ಆ ಭಾನುವಾರ ನಾನು ಅವರೆಕಾಳು ಹಿತುಕುತ್ತಿದ್ದೆ. ಕುರುಬರಹಳ್ಳಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ನಮ್ಮೆಜಮಾನರು ಎದುರಿಗೆ ಕೂತು ‘ಐನೂರ್ವರು’ ಎಂಬ ಪದದ ಹಿಂದೆ ಬಿದ್ದಿದ್ದರು. ಹಳೆಯ ಶಾಸನಗಳಲ್ಲಿ ವರ್ತಕರ ಕೂಟಕ್ಕೆ ಆ ಹೆಸರಂತೆ. ಮೊದಲು ಐಹೊಳೆಯಲ್ಲಿ ನಿಜವಾಗಿಯೂ ಐನೂರು ಮಂದಿಯ ಸಭೆ ಇದ್ದಿರಬೇಕು, ಆಮೇಲೆ ಊರೂರಿಗೆ ಹಬ್ಬಿದರೂ ಹೆಸರು ಅದೇ ಉಳಿಯಿತಂತೆ.

“ನಮ್ ಬೀದಿ ವರ್ತಕರ ಸಂಘಕ್ಕೂ ಇದೇ ಹೆಸರಿಡಿಸ್ತೀನಿ ಕಣೇ.”

“ಇಡಿಸಿ. ಮಾತಾಡ್ತಾ ನಾಲ್ಕು ಕಾಳಾದ್ರೂ ಹಿತುಕಿ.”

ಮರುದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪಲಿಲ್ಲ.

ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಅವರನ್ನು ಕೊನೆಯ ಸಲ ಅಂಗಡಿಬೀದಿಯಲ್ಲಿ ಒಯ್ಯುವಾಗ ಸಂಘದವರು ಗೌರವಕ್ಕೆಂದು ಷಟರ್ ಇಳಿಸಿದರು. ಪೂರ್ತಿ ಅಲ್ಲ, ಅರ್ಧ. ಗಿರಾಕಿಗಳು ಬಗ್ಗಿ ಬಗ್ಗಿ ಒಳಗೆ ಹೋಗುತ್ತಿದ್ದರು. ದೂರದಿಂದ ನೋಡಿದವರಿಗೆ ಇಡೀ ಬೀದಿ ತಲೆಬಾಗುತ್ತಿದೆ ಅನ್ನಿಸಿರಬೇಕು.

ತಿಥಿ ಮುಗಿದ ಮೇಲೆ ಸಂಘದ ಸಂತಾಪ ಸಭೆ. ಸಂಘಕ್ಕೆ ‘ಐನೂರ್ವರು’ ಎಂದು ಹೆಸರಿಡಿಸಬೇಕೆಂಬುದು ಅವರ ಆಸೆಯಾಗಿತ್ತು ಎಂದೆ. ಅಧ್ಯಕ್ಷರಾದ ಟೈಲ್ಸ್ ಅಂಗಡಿಯ ರಾಜಣ್ಣ ಕೈಮುಗಿದರು. “ಅಕ್ಕ, ನಾವಿರೋದೇ ಮೂವತ್ತು ಅಂಗಡಿ. ಐನೂರ್ವರು ಅಂತ ಬೋರ್ಡ್ ಹಾಕಿದ್ರೆ ಟ್ಯಾಕ್ಸ್‌ನೋರು ಬಂದು, ಮಿಕ್ಕಿದ್ ನಾನೂರ ಎಪ್ಪತ್ತು ಎಲ್ಲಪ್ಪಾ ಅಂತಾರೆ!”

ಸಭೆ ಗೊಳ್ಳೆಂದು ನಕ್ಕಿತು. ಸಂತಾಪ ಸಭೆ! ಹಾರ ಹಾಕಿದ ಫೋಟೊದಲ್ಲಿ ನಮ್ಮೆಜಮಾನರೂ ನಗುತ್ತಿದ್ದರು. ಅವರ ಮೇಲೂ ಸಿಟ್ಟು ಬಂತು.

ನಾನು ಎಸ್ಸೆಸ್ಸೆಲ್ಸಿ ಓದಿದವಳು, ಮೈಕ್ ಮುಟ್ಟಿದವಳಲ್ಲ. ಅವತ್ತು ಕಿತ್ತುಕೊಂಡೆ. “ಅದು ಲೆಕ್ಕ ಅಲ್ಲ ರಾಜಣ್ಣ, ಹೆಸರು! ಒಬ್ರು ಬರ್ತಾರೆ, ಒಬ್ರು ಹೋಗ್ತಾರೆ. ಯಾರು ಸತ್ರೂ ಐನೂರ್ವರು ಕಮ್ಮಿ ಆಗಲ್ಲ. ಅರ್ಧ ಷಟರ್ ಇಳಿಸೋರಿಗೆ ಇದೆಲ್ಲ ಹೇಗೆ ಗೊತ್ತಾಗ್ಬೇಕು?”

ಸಮೋಸ ಹಿಡಿದಿದ್ದ ಕೈಗಳು ಬಾಯಿಯವರೆಗೆ ಹೋಗಿ ನಿಂತವು. ರಾಜಣ್ಣ ಮೆಲ್ಲಗೆ, “ಆಯ್ತು ಬಿಡಕ್ಕ, ಹಾಕಿಸೋಣ,” ಎಂದರು.

ಹಾಕಿಸಿದರು. ಆ ಹೆಸರಿನ ಅರ್ಥ ಕೇಳಿದವರನ್ನು ರಾಜಣ್ಣ ಈಗ ನನ್ನ ಹತ್ತಿರ ಕಳಿಸುತ್ತಾರೆ. ನಾನೂ ಅವರ ಅಂಗಡಿಯ ಗಲ್ಲಾದಲ್ಲಿ ಕೂತು, ದೊಡ್ಡ ವಿದ್ವಾಂಸರ ಹಾಗೆ, ಯಾರು ಹೋದರೂ ಕಮ್ಮಿಯಾಗುವುದಿಲ್ಲ ಎಂದು ವಿವರಿಸುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ಮನೆಗೆ ಬಂದು ಅದನ್ನೇ ನನಗೆ ಹೇಳಿಕೊಂಡರೆ ಒಂದು ಅಕ್ಷರವೂ ನಾಟುವುದಿಲ್ಲ. ಇಲ್ಲಿದ್ದದ್ದು ಇಬ್ಬರು. ಒಬ್ಬರು ಇಲ್ಲ.