ಗುಡಿಸು ತಪ್ಪಿತು, ಹಿತ್ತಲು ಉಳಿಯಿತು

"ಭಾನುವಾರ ಸಂಜೆ ನಾಲ್ಕು ಗಂಟೆಗೆ ನಮ್ಮ ಹಿತ್ತಲು ನೋಡಿದೋರು, ಇದು ಹಿರಿಯೂರೋ ರಾಷ್ಟ್ರಪತಿ ಭವನದ ತೋಟವೋ ಅಂತ ಕಣ್ಣುಜ್ಕಬೇಕು! ಹಂಗೆ ಮಾಡಿಸ್ತೀನಿ!"

ಸೋಮವಾರ ಬೆಳಿಗ್ಗೆ ನಾನು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೀಗೆ ಘೋಷಿಸಿದೆ. ನನ್ನ ಹೆಂಡತಿ ಅನುಸೂಯ ಕನ್ನಡ ಮೇಡಂ. ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದವಳು ತಲೆ ಎತ್ತಲಿಲ್ಲ.

"ಈ ಭಾನುವಾರನೋ, ಯಾವ್ದಾದ್ರೂ ಒಂದ್ ಭಾನುವಾರನೋ?"

"ಈ ಭಾನುವಾರ!"

"ಹೋದ ವರ್ಷನೂ 'ಈ ಭಾನುವಾರ' ಅಂದಿದ್ರಿ. ಅದು ಇನ್ನೂ ಬಂದಿಲ್ಲ."

ನನಗೆ ಇಂಥ ಶೌರ್ಯ ಸುಮ್ಮನೆ ಉಕ್ಕುವುದಿಲ್ಲ. ಹಿಂದಿನ ದಿನ ನನ್ನ ಬಾಮೈದ ಪರಮೇಶ ಬಂದು ನಮ್ಮ ಹಿತ್ತಲನ್ನು ಹೆಜ್ಜೆಯಲ್ಲಿ ಅಳೆದು ಹೋಗಿದ್ದ. ಅವನ ಹತ್ತಿರ ಶೇಂಗಾ ಒಕ್ಕುವ ಮಿಷನ್ ಒಂದಿದೆ. ಸುಗ್ಗಿಯಲ್ಲಿ ಧರ್ಮಪುರದ ಕಡೆಯೆಲ್ಲ ಅದನ್ನು ಬಾಡಿಗೆಗೆ ಬಿಡುತ್ತಾನೆ. ಮಿಕ್ಕ ತಿಂಗಳು ಅದಕ್ಕೆ ನೆರಳು ಬೇಕು. "ಭಾವ, ಹೆಂಗೂ ನಿಮ್ ಹಿತ್ಲು ಹಾಳು ಬಿದ್ದೈತೆ. ಆ ಮರದ ಕಟ್ಟೆ ಕಿತ್ ಹಾಕಿದ್ರೆ ಮಿಷನ್ನು ಪಟ್ಟಾಗಿ ಕುಂತ್ಕಂತೈತೆ" ಎಂದಿದ್ದ. ಅನುಸೂಯ ಬೇಡ ಎನ್ನಲಿಲ್ಲ. ಅದೇ ನನ್ನ ಎದೆಗೆ ಚುಚ್ಚಿದ್ದು!

ಹಲಗೆ ಜೋಡಿಸಿದ ಆ ಮರದ ಕಟ್ಟೆಯ ನಿಜವಾದ ಹೆಸರು ಡೆಕ್. ಆರು ವರ್ಷದ ಹಿಂದೆ ಮನೆ ಕಟ್ಟಿಸುವಾಗ ಇಂಜಿನಿಯರ್ ಅಂಜನ್, "ಸರ್, ಹಿಂದ್ಗಡೆ ಒಂದು ಡೆಕ್ ಮಾಡಾಣ. ಸಂಜೆ ಮೇಡಂ ಜೊತೆ ಕಾಫಿ ಕುಡೀತಾ ಕುಂತ್ಕಳ್ರಿ" ಎಂದಿದ್ದರು. ಡೆಕ್ ಎಂಬ ಮಾತು ಕೇಳಿಯೇ ನಾನು ಹಡಗಿನ ಕ್ಯಾಪ್ಟನ್ ಆಗಿಬಿಟ್ಟೆ. ಕಟ್ಟಿದ ಹೊಸದರಲ್ಲಿ ಮೂರು ಸಂಜೆ ಕಾಫಿ ಕುಡಿದೆವು. ಆಮೇಲೆ ನನಗೆ ಅಂಗಡಿ, ಅವಳಿಗೆ ಶಾಲೆ, ಡೆಕ್ಕಿಗೆ ದಿಕ್ಕಿಲ್ಲ. ಗರಿಕೆ ಬಂತು, ಉತ್ತರಾಣಿ ಬಂತು, ಅವುಗಳ ಯಜಮಾನನಂತೆ ಬಳ್ಳಾರಿ ಜಾಲಿಯೂ ಬಂತು. ಹಲಗೆಗಳು ಬೂದಿ ಬಣ್ಣಕ್ಕೆ ತಿರುಗಿದವು. ನನ್ನದು ಪೇಂಟ್ ಅಂಗಡಿ. ಅರ್ಧ ಹಿರಿಯೂರಿಗೆ ಬಣ್ಣ ಹಚ್ಚಿಸಿದ ಮನುಷ್ಯ ನಾನು. ಗಿರಾಕಿಗಳನ್ನು ಹಿತ್ತಲಿಗೆ ಮಾತ್ರ ಬಿಟ್ಟುಕೊಳ್ಳುತ್ತಿರಲಿಲ್ಲ.

ಅನುಸೂಯ ಕೆಂಪು ಪೆನ್ನಿನ ಕ್ಯಾಪ್ ಹಾಕಿ ತೀರ್ಪು ಕೊಟ್ಟಳು. "ಸರಿ. ಭಾನುವಾರ ನಾಕು ಗಂಟೆಗೆ ಆ ಕಟ್ಟೆ ಮೇಲೆ ಕುಂತು ಕಾಫಿ ಕುಡಿಯಂಗಿದ್ರೆ ಹಿತ್ಲು ನಮ್ದು. ಇಲ್ಲಾಂದ್ರೆ ಪರಮೇಶಂದು. ನಾಕು ಗಂಟೆಗೆ ಮಿಷನ್ ತಗಂಡು ಬಾ ಅಂತ ಅವನಿಗೆ ಈಗ್ಲೇ ಫೋನ್ ಮಾಡಿ ಹೇಳ್ತೀನಿ."

ನಾನು ವ್ಯಾಪಾರಸ್ಥ. ಏಳು ದಿನ ವಾಯಿದೆ ಸಿಕ್ಕರೆ ಐದು ದಿನ ಅದನ್ನು ಮುಟ್ಟುವುದಿಲ್ಲ. ಶುಕ್ರವಾರ ಸಂಜೆ ನೆನಪಾಯಿತು. ಆಳುಗಳನ್ನು ಹುಡುಕಿದರೆ ಒಬ್ಬರೂ ಇಲ್ಲ, ಎಲ್ಲರೂ ಈರುಳ್ಳಿ ಕೀಳಲು ಹೋಗಿದ್ದರು. ಆಗ ಸಣ್ಣಪ್ಪ ಹೊಳೆದ. ಸಣ್ಣಪ್ಪ ಕುರಿಗಾರ. ಕುರಿಗಳಿಗೆ ಗುರುತು ಹಾಕಲು ನಮ್ಮ ಅಂಗಡಿಯಲ್ಲೇ ಕೆಂಪು ಬಣ್ಣ ಒಯ್ಯುತ್ತಾನೆ. ಅವನ ಅಣ್ಣತಮ್ಮಂದಿರು, ಅವರ ಹೆಂಡಿರು, ದೊಡ್ಡ ಸಂಸಾರ. ಎಲ್ಲರೂ ಮೈ ಬಗ್ಗಿಸಿ ದುಡಿಯುವವರು. ಬಸ್‌ಸ್ಟ್ಯಾಂಡ್ ಪಕ್ಕದ ನಮ್ಮ ಅಂಗಡಿಯಿಂದಲೇ ಫೋನ್ ಹಚ್ಚಿದೆ. ಆ ಕಡೆ ಗಾಳಿ, ಈ ಕಡೆ ಬಸ್ಸಿನ ಹಾರ್ನು.

"ಸಣ್ಣಪ್ಪ, ಭಾನುವಾರ ನಿಮ್ ಮಂದಿ ಕರ್ಕಂಡು ಬಾರಪ್ಪ! ಹಿತ್ಲು ಸಾಫ್ ಆಗ್ಬೇಕು!"

"ಆಗ್ಲಿ ಸಾವ್ಕಾರ್ರೆ. ಪೂರಾ ಕರ್ಕಂಡ್ ಬರ್ಲೋ, ಅರ್ಧ ಸಾಕೋ?"

"ಪೂರಾ ಬರ್ಲಿ! ಬೇಗ ಮುಗೀತೈತೆ."

"ಅವಕ್ಕೆ ಊಟ ಅಲ್ಲೇ ತಾನೇ?"

ಮನೆಯವರನ್ನು 'ಅವು' ಎನ್ನುತ್ತಾನಲ್ಲ, ಎಂಥ ಸಲುಗೆಯ ಮನುಷ್ಯ ಎಂದುಕೊಂಡೆ. "ಊಟ ನಮ್ಮನೇಲೆ! ಹೊಟ್ಟೆ ತುಂಬ!"

"ಸಣ್ಣ ಸಣ್ಣವೂ ಅವೆ. ತಾಯಿ ಬಿಟ್ಟು ಇರಲ್ಲ."

"ಬರ್ಲಿ ಬಿಡೋ! ಚಿಕ್ಕವು ಮನೆ ತುಂಬ ಓಡಾಡಿದ್ರೆ ಮನೆಗೊಂದು ಕಳೆ!"

ಇದನ್ನು ಈಗ ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಭಾನುವಾರ ಅನುಸೂಯ ಬೆಳಗಾಗುತ್ತಲೇ ಎದ್ದು ಹದಿನೈದು ಜನಕ್ಕಾಗುವಷ್ಟು ಚಿತ್ರಾನ್ನ ಕಲಸಿ, ದೊಡ್ಡ ತಪ್ಪಲೆಯಲ್ಲಿ ಅಡುಗೆಮನೆಯ ನೆಲದ ಮೇಲಿಟ್ಟಿದ್ದಳು. ಎಂಟು ಗಂಟೆಗೆ ಬೀದಿಯಲ್ಲಿ ಧೂಳೆದ್ದಿತು. ಗೇಟಿನ ಕಡೆ ನೋಡಿದವಳು ಸೌಟು ಹಿಡಿದುಕೊಂಡೇ ನನ್ನನ್ನು ಕರೆದಳು.

"ರೀ, ನಿಮ್ ಮಂದಿ ಬಂದ್ರು. ಎಲೆ ಹಾಕ್ಲಾ?"

ಹೋಗಿ ನೋಡುತ್ತೇನೆ, ಎಂಬತ್ತು ಕುರಿ! ಎಲ್ಲದರ ಬೆನ್ನ ಮೇಲೂ ನಮ್ಮ ಅಂಗಡಿಯದೇ ಕೆಂಪು ಬಣ್ಣ! ಮುಂದೆ ಒಂದು ಟಗರು, ಸುರುಳಿ ಕೊಂಬು, ತಹಸೀಲ್ದಾರರ ಗತ್ತು. ಹಿಂದೆ ಕಂಬಳಿ ಹೊದ್ದು, ಕೋಲು ಹಿಡಿದು ಸಣ್ಣಪ್ಪ ಹಲ್ಲು ಬಿಡುತ್ತ ಬರುತ್ತಿದ್ದ.

"ಪೂರಾ ಮಂದೆ ಕರ್ಕಂಡ್ ಬಂದೀನಿ ಸಾವ್ಕಾರ್ರೆ! ಒಂದೂ ಬಿಟ್ಟಿಲ್ಲ!"

"ಅಯ್ಯೋ, ನಾನ್ ಹೇಳಿದ್ದು ಮಂದಿ ಕಣಯ್ಯ! ಮಂದಿ!"

"ಹೂನ್ರಿ, ಮಂದೆ!"

ಪಕ್ಕದ ಮನೆ ಕೊಟ್ರಮ್ಮ ಕಾಂಪೌಂಡಿನ ಮೇಲಿಂದ ಕತ್ತು ಹಾಕಿ, "ಯಾರ್ ಮದ್ವೇರಿ, ಇಷ್ಟೊಂದ್ ಬಾಡೂಟ?" ಎಂದರು.

ಅಷ್ಟರಲ್ಲಿ ಟಗರು ಮನೆಯ ಪಕ್ಕದ ಓಣಿ ಹಿಡಿದು ಹಿತ್ತಲಿಗೆ ನುಗ್ಗಿತು. ಅದರ ಹಿಂದೆ ಇಡೀ ದಂಡು. ಸಣ್ಣಪ್ಪ ಮಚ್ಚು ತೆಗೆದು ಜಾಲಿ ಕಡಿಯತೊಡಗಿದ. ಕುರಿಗಳು ಉದುರಿದ ಜಾಲಿಕಾಯಿಗೆ ಮುಗಿಬಿದ್ದವು. ಕರಕರಕರ ಸದ್ದು. ಆರು ವರ್ಷದ ಹುಲ್ಲು ಕಣ್ಣೆದುರೇ ಗಿಡ್ಡವಾಗುತ್ತ ಬಂತು. ಅರ್ಧ ಗಂಟೆಯಲ್ಲಿ ನನ್ನ ಮುಖಕ್ಕೆ ರಕ್ತ ವಾಪಸ್ ಬಂತು. "ನೋಡ್ದಾ? ನಂದು ಪ್ಲಾನೇ ಹಂಗೆ!" ಎಂದು ಕಿಟಕಿಯ ಕಡೆ ತಿರುಗಿ ಅನುಸೂಯಳಿಗೆ ಕೂಗಿ ಹೇಳಿದೆ. ಅಷ್ಟು ಹೇಳದೆ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು?

ಟಗರು ಡೆಕ್ಕನ್ನು ಹತ್ತಿತು. ಡೆಕ್ಕಿನಿಂದ ಮನೆಯೊಳಕ್ಕೆ ಹೋಗಲು ಗಾಜಿನ ಜಾರುಬಾಗಿಲಿದೆ, ಆಳೆತ್ತರದ್ದು. ಅದರಲ್ಲಿ ಟಗರಿಗೆ ಇನ್ನೊಂದು ಟಗರು ಕಂಡಿತು. ಇದು ಗುರಾಯಿಸಿತು, ಅದೂ ಗುರಾಯಿಸಿತು. ಇದು ತಲೆ ತಗ್ಗಿಸಿತು, ಅದೂ ತಗ್ಗಿಸಿತು.

"ಸಾವ್ಕಾರ್ರೇ! ಹಿಂದಕ್ ಸರೀತಾ ಐತೆ! ಗುದ್ದುತ್ತೆ!" ಸಣ್ಣಪ್ಪ ದೂರದಿಂದ ಅರಚಿದ.

ಆ ಕ್ಷಣ ನನ್ನ ಬುದ್ಧಿ ಮಿಂಚಿನಂತೆ ಓಡಿತು. ಗಾಜು ಉಳಿಯಬೇಕಾದರೆ ಗಾಜು ಅಲ್ಲಿರಬಾರದು! ಹಾರಿ ಹೋಗಿ ಬಾಗಿಲನ್ನು ಸರ್ರನೆ ಸರಿಸಿಬಿಟ್ಟೆ. ಗಾಜು ಉಳಿಯಿತು. ಆದರೆ ಟಗರಿನ ವೈರಿ ಮಾಯವಾದ. ಒಳಗೆ ಬಚ್ಚಿಟ್ಟುಕೊಂಡನೆಂದು ಭಾವಿಸಿ ಅದು ಅವನನ್ನು ಹುಡುಕುತ್ತ ನಮ್ಮ ಮನೆಯೊಳಗೆ ಹೋಯಿತು!

ಮುಂದಿನ ಕುರಿ ಎಲ್ಲಿಗೆ ಹೋಯಿತೋ ಅಲ್ಲಿಗೇ ಹಿಂದಿನದೂ. ಒಂದು, ಎರಡು, ಹತ್ತು, ಮೂವತ್ತು! ಬಾಗಿಲು ಮುಚ್ಚೋಣವೆಂದರೆ ಮಧ್ಯೆ ಕುರಿಯ ಹಿಂದೆ ಕುರಿ ಬರುತ್ತಲೇ ಇದೆ. ಒಳಗಿನಿಂದ ತಪ್ಪಲೆ ಉರುಳಿದ ಸದ್ದು ಕೇಳಿಸಿತು. ಹದಿನೈದು ಜನರ ಚಿತ್ರಾನ್ನ! ಆಮೇಲೆ ಅನುಸೂಯಳ ದನಿ ಕೇಳಿಸಿತು. ಕಿರುಚಾಟವಲ್ಲ, ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವ ದನಿ.

"ಸಾಲಾಗಿ! ಸಾಲಾಗಿ ಹೋಗ್ರಿ! ತಳ್ಬೇಡ್ರಿ!"

ಅವಳು ಮುಂಬಾಗಿಲನ್ನು ಅಗಲವಾಗಿ ತೆರೆದು, ಸೌಟಿನಿಂದ ದಾರಿ ತೋರಿಸುತ್ತ ನಿಂತಿದ್ದಳು. ಇಡೀ ಮಂದೆ ಗಾಜಿನ ಬಾಗಿಲಿನಿಂದ ಒಳಬಂದು, ಅಡುಗೆಮನೆ, ನಡುಮನೆ, ಪಡಸಾಲೆ ಎಲ್ಲ ನೋಡಿಕೊಂಡು, ಮುಂಬಾಗಿಲಿನಿಂದ ಹೊರಟು, ಓಣಿ ಹಿಡಿದು ಮತ್ತೆ ಹಿತ್ತಲು ಸೇರಿ ಮೇಯತೊಡಗಿತು. ನಮ್ಮ ಗೃಹಪ್ರವೇಶಕ್ಕೂ ಇಷ್ಟು ಜನ ಬಂದಿರಲಿಲ್ಲ!

ಪಡಸಾಲೆಯ ನೆಲದ ಮೇಲೆ ಕರಿಮಣಿಸರ ಹರಿದಂತೆ ಹಿಕ್ಕೆ ಚೆಲ್ಲಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈನಿಂದ ಮುಂದಿನ ತಿಂಗಳುಗಳೆಲ್ಲ ಕುರಿಗಳ ಹೊಟ್ಟೆ ಸೇರಿದ್ದವು. ನಾನು ಫೋನಿನ ಪ್ರಸಂಗವನ್ನೆಲ್ಲ ತಡವರಿಸುತ್ತ ಒಪ್ಪಿಕೊಂಡೆ. ಅನುಸೂಯ ಪೂರ್ತಿ ಕೇಳಿದಳು. ತಪ್ಪು ಉತ್ತರ ಕೊಟ್ಟ ಮಕ್ಕಳನ್ನು ಅವಳು ಹಾಗೆಯೇ ಕೇಳುವುದು.

"ದಕಾರಕ್ಕೆ ಗುಡಿಸು ಕೊಟ್ರೆ ಏನಾಗ್ತೈತೆ?"

"ದಿ."

"ಎತ್ವ ಕೊಟ್ರೆ?"

"ದೆ."

"ಮಂದಿ ಅನ್ನಾಕೆ ಗುಡಿಸು ಬೇಕಿತ್ತು. ಫೋನಿನಾಗೆ ನೀವು ಗುಡಿಸು ಬಿಟ್ರಿ." ಪೊರಕೆಯನ್ನು ನನ್ನ ಕೈಗಿಟ್ಟಳು. "ಈಗ ಗುಡಿಸ್ರಿ!"

ಗುಡಿಸಿದೆ. ಕನ್ನಡ ವ್ಯಾಕರಣದ ಭಾರ ಸೊಂಟಕ್ಕೆ ಬೀಳುತ್ತದೆಂದು ಅವತ್ತೇ ತಿಳಿದದ್ದು.

ಮಧ್ಯಾಹ್ನ ಒಂದು ಗಂಟೆಗೆ ಸಣ್ಣಪ್ಪ ಕರೆದ. ಹೊರಗೆ ಹೋಗಿ ನೋಡಿದರೆ ನೆಲ ಕಾಣಿಸುತ್ತಿತ್ತು! ಕಡಿದ ಜಾಲಿಯನ್ನು ಮೂಲೆಗೆ ಒಟ್ಟಿದ್ದ. ಹುಲ್ಲು ಹೊಸದಾಗಿ ಕ್ಷೌರ ಮಾಡಿಸಿದ ತಲೆಯಂತೆ ನುಣ್ಣಗಿತ್ತು. ಅನುಸೂಯ ಬಂದು ನಿಂತು, "ಇಷ್ಟ್ ದೊಡ್ಡದಿತ್ತಾ ನಮ್ ಹಿತ್ಲು!" ಎಂದಳು. ನನ್ನ ಎದೆಯ ಮೇಲಿದ್ದ ಮಿಷನ್ ಅರ್ಧ ಇಳಿಯಿತು.

ಸಣ್ಣಪ್ಪ ಬಿಸಿ ಮುದ್ದೆ ಉಂಡು ಎದ್ದ. "ಮೂರ್ ತಿಂಗ್ಳಿಗೊಂದ್ಸಲ ಬರ್ತೀವಿ ಅಕ್ಕಾರೆ. ಅವಕ್ಕೆ ನಿಮ್ಮನೆ ಹಿಡಿಸ್ತು."

"ಹಿತ್ಲಿಗೆ ಬರ್ಲಪ್ಪ. ಮನೆ ಒಂದ್ಸಲ ನೋಡಿದ್ರೆ ಸಾಕು" ಎಂದಳು ಅನುಸೂಯ.

ಉಳಿದದ್ದು ಡೆಕ್ಕು. ಉಜ್ಜಿ ತೊಳೆದೆ, ಮಂಡಿ ನೋಯುವವರೆಗೆ ತಿಕ್ಕಿದೆ. ಬಿಸಿಲಿಗೆ ಬೇಗ ಆರಿತು. ಆದರೂ ಬೂದಿ ಬಣ್ಣ ಬೂದಿ ಬಣ್ಣವೇ. ಒಂದು ಕೋಟು ವಾರ್ನಿಷ್ ಬಿದ್ದರೆ ಹೊಳೆಯುತ್ತದೆ! ಅಂಗಡಿಗೆ ಓಡಿದೆ. ಹೊಸ ಡಬ್ಬಿಗೆ ಕೈ ಹಾಕಿದವನು ನಿಂತೆ. ಮೇಲಿನ ಅಟ್ಟದಲ್ಲಿ ನಾಲ್ಕು ವರ್ಷದಿಂದ ಯಾರೂ ಕೊಳ್ಳದ ಒಂದು ವಾರ್ನಿಷ್ ಡಬ್ಬಿಯಿತ್ತು. ಲೇಬಲ್ ಮಾಸಿಹೋಗಿತ್ತು. ಮಾರಲಾಗದ ಮಾಲು ಮನೆಗಾದರೂ ಆಗಲಿ! ವ್ಯಾಪಾರಿ ಬುದ್ಧಿ ಭಾನುವಾರವೂ ರಜೆ ತೆಗೆದುಕೊಳ್ಳುವುದಿಲ್ಲ.

ಜೇನುತುಪ್ಪದಂತೆ ಗಟ್ಟಿಯಾಗಿತ್ತು. ಬಳಿದೆ. ಆಹಾ, ಏನು ಹೊಳಪು! ಮೂರೂವರೆಗೆ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರೆ ಒಣಗಿತ್ತು. ಮೀಸೆ ತಿರುವಿದೆ.

ಅಷ್ಟರಲ್ಲಿ ಗೇಟಿನಾಚೆ ಟ್ರ್ಯಾಕ್ಟರು ಗುಡುಗಿತು. ನಾಲ್ಕಕ್ಕೆ ಬರಬೇಕಾದವನು ಕಾಲು ಗಂಟೆ ಮೊದಲೇ ಬಂದಿದ್ದ! ಹಿಂದೆ ಆ ರಾಕ್ಷಸ ಮಿಷನ್ನು. "ಭಾವಾ, ಯಾವ್ ಕಡೆಯಿಂದ ಒಳಗ್ ಬಿಡ್ಲಿ?" ಎಂದು ಪರಮೇಶ ಕೂಗಿದ. ತಡಮಾಡಿದರೆ ರಾಜ್ಯ ಹೋದಂತೆ! ಓಡಿಹೋಗಿ ಡೆಕ್ಕಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಸಿಂಹಾಸನಾರೂಢನಾದೆ.

"ಪರಮೇಶ, ನೋಡಪ್ಪ ಕಣ್ ತುಂಬ! ಈ ಜಾಗ ಬಿಟ್ಟು ನಾನು ಏಳಲ್ಲ! ಏನಾದ್ರೂ ಸರಿ, ಏಳಲ್ಲ!"

ಅನುಸೂಯ ಎರಡು ಲೋಟ ಕಾಫಿ ಹಿಡಿದು ಬಂದಳು. "ಆಯ್ತಲ್ಲ, ಏಳ್ರಿ. ಅವ್ನಿಗೂ ಒಂದ್ ಲೋಟ ತಂದು ಕೊಡ್ರಿ."

ಏಳಲು ನೋಡಿದೆ. ಪಂಚೆ ಬರಲಿಲ್ಲ. ಕೈಯೂರಿ ನೋಡಿದೆ. ಕೈಯೂ ಬರಲೊಲ್ಲದು, ಬಂದಾಗ ಚರ್ರ್ ಎಂದು ಸದ್ದು ಮಾಡಿ ಬಂತು. ಅಂಚು ಒಣಗಿತ್ತು, ನಡು ಒಣಗಿರಲಿಲ್ಲ!

"ಏಳಲ್ಲ" ಎಂದೆ, ಮೆಲ್ಲಗೆ.

ಅವಳು ಬಗ್ಗಿ ನೋಡಿದಳು. "ಏಳಲ್ವೋ, ಏಳಾಕಾಗಲ್ವೋ?"

"ಎರಡೂ."

ಅವಳ ತುಟಿ ಅದುರಿತು. ಆದರೂ ಗಂಭೀರವಾಗಿ ಒಂದು ಲೋಟವನ್ನು ನನ್ನ ಇನ್ನೊಂದು ಕೈಗಿಟ್ಟು, ಗೇಟಿನ ಕಡೆ ತಿರುಗಿದಳು.

"ಪರಮೇಶ, ಮಿಷನ್ ತಿರುಗಿಸ್ಕಳಪ್ಪ. ನಿಮ್ ಭಾವ ನಾಕು ಗಂಟೆಗೆ ಕಟ್ಟೆ ಮೇಲೆ ಕುಂತವ್ರೆ, ಕಾಫಿ ಕುಡೀತವ್ರೆ. ಮಾತು ಮಾತೇ. ಅಲ್ದೆ ಈ ಜಾಗ ಖಾಲಿ ಮಾಡ್ಸಾಕೆ ಈಗ ಕೋರ್ಟಿನ ಕೈಲೂ ಆಗಲ್ಲ!"

ಟ್ರ್ಯಾಕ್ಟರಿನ ಸದ್ದು ಬೀದಿಯ ತುದಿಗೆ ಕರಗಿದಾಗ ನಾನು ಬಿಟ್ಟ ಉಸಿರಿಗೆ ಕಾಫಿಯ ನೊರೆ ಹಾರಿತು. ಹಿತ್ತಲು ಉಳಿಯಿತು, ಗಾಜು ಉಳಿಯಿತು, ಡೆಕ್ಕು ಉಳಿಯಿತು! ತಂಗಾಳಿ ಬೀಸುತ್ತಿತ್ತು. ಅನುಸೂಯ ಪ್ಲಾಸ್ಟಿಕ್ ಕುರ್ಚಿ ತಂದು, ಹುಲ್ಲಿನ ಮೇಲೆ ಹಾಕಿಕೊಂಡು ಕುಳಿತು ತನ್ನ ಕಾಫಿ ಮುಗಿಸಿದಳು. ಆಮೇಲೆ ಟವೆಲ್ ತಂದು ನನ್ನತ್ತ ಎಸೆದು, ಕೊಟ್ರಮ್ಮನವರನ್ನು ಅತ್ತ ಮಾತಿಗೆ ಎಳೆದು ನಿಲ್ಲಿಸಿಕೊಂಡಳು. ಆ ಐದು ನಿಮಿಷದಲ್ಲಿ ನಾನು ಒಳಗೆ ಸೇರಿದ ಬಗೆಯನ್ನು ಬರೆಯುವುದಿಲ್ಲ.

ಮರುದಿನ ಅಂಗಡಿಗೆ ಮತ್ತೋಡಿನ ಗಿರಾಕಿಯೊಬ್ಬರು ಬಂದರು. ಅನುಸೂಯ ಶಾಲೆಗೆ ಹೋಗುತ್ತ ಬೀಗದ ಕೈ ಕೊಡಲು ಬಂದು ಅಲ್ಲೇ ನಿಂತಿದ್ದಳು. ಗಿರಾಕಿ ವಾರ್ನಿಷ್ ಡಬ್ಬಿ ತಿರುಗಿಸಿ ನೋಡಿ, "ಸಾವ್ಕಾರ್ರೆ, ಇದು ಗಟ್ಟಿಯಾಗಿ ಹಿಡಿಯುತ್ತೇನ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು:

"ಅನುಮಾನ ಇದ್ರೆ ಮನೆಗ್ ಬರ್ರಿ ಅಣ್ಣಾರೆ, ಇವ್ರ ಪಂಚೆ ಇನ್ನೂ ಅಲ್ಲೇ ಐತೆ. ಎಳ್ದು ನೋಡ್ರಿ!"