ಹೊಸ ಸಿಸ್ಟಮ್ಮಿಗೆ ಲೋಲಾಳ ಹಾಡು ಕೇಳಿಸಲಿಲ್ಲ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೆಸರುಗಾಲಿನ ಕೋಳಿ ಅಂಗಳ ದಾಟಿದ ಹಾಗಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಮಾತೂ ಅಷ್ಟಕ್ಕಷ್ಟೆ. ಅಂಗಡಿಯಲ್ಲಿ ಉಪ್ಪು ಕೇಳುವುದಕ್ಕೂ ನಾಚಿ, ಬೇರೆ ಯಾರಾದರೂ ಉಪ್ಪು ಕೇಳುವವರೆಗೆ ಕಾದು "ನನಗೂ ಅದೇ" ಎನ್ನುವವಳು. ಆದ್ದರಿಂದ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಒಂದೇ ಒಂದು ವಿಷಯದಲ್ಲಿ ನನಗೆ ನಾಚಿಕೆಯಿಲ್ಲ. ಸರಿಯಾಗಿ ಹೇಳಬೇಕೆಂದರೆ, ಕಳೆದ ಶನಿವಾರದವರೆಗೆ ಇರಲಿಲ್ಲ. ಅದು ಕಂಪ್ಯೂಟರ್! ನಮ್ಮ ಓಣಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡು ಮಲಗಿದರೂ ರಮಿಸಿ ಎಬ್ಬಿಸುವವಳು ನಾನು. ಹೀಗಿರುವಾಗ ನಮ್ಮ ಲೋಲಾಳ, ಅಂದರೆ ಅಜ್ಜಿಯ, ಎಪ್ಪತ್ತನೆಯ ಹುಟ್ಟುಹಬ್ಬ ಬಂತು. ನಾನು ಎದೆಯುಬ್ಬಿಸಿ ಸಂಕಲ್ಪ ಮಾಡಿದೆ: ನಮ್ಮ ಹಾಡುವ ಕಂಪ್ಯೂಟರಿನಿಂದ ಹಳೆಯ ಆಪರೇಟಿಂಗ್ ಸಿಸ್ಟಮ್ಮನ್ನು ಕಿತ್ತೊಗೆದು ಹೊಸದನ್ನು ಪ್ರತಿಷ್ಠಾಪಿಸುತ್ತೇನೆ! ನಮ್ಮ ಇಡೀ ಗಿಮಾರಸ್ ದ್ವೀಪ ಬೆರಗಾಗಬೇಕು!

ಹಾಡುವ ಕಂಪ್ಯೂಟರ್ ಎಂದರೆ ಆಟವಲ್ಲ. ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಶಾವಿಗೆ ಇಲ್ಲದಿದ್ದರೂ ನಡೆದೀತು, ಮೈಕು ಇಲ್ಲದೆ ನಡೆಯದು. ಪರದೆಯ ಮೇಲೆ ಸಾಲುಗಳು ಓಡುತ್ತವೆ, ನಾವು ಹಾಡುತ್ತೇವೆ, ಕೊನೆಯಲ್ಲಿ ಕಂಪ್ಯೂಟರ್ ಕಹಳೆ ಊದಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಡಿಸೆಂಬರಿನಲ್ಲಿ ನಸುಕಿನ ಪೂಜೆಗೆ ಚರ್ಚಿನ ಹಾಡುಗಾರರ ಮುಂದೆ ಯಾರು ನಿಲ್ಲಬೇಕು ಎನ್ನುವುದು ಪ್ರತಿ ವರ್ಷ ಲೋಲಾಳ ಹುಟ್ಟುಹಬ್ಬದ ಆ ಅಂಕದಿಂದಲೇ ತೀರ್ಮಾನವಾಗುತ್ತದೆ. ಸ್ಪರ್ಧಿಗಳು ಇಬ್ಬರೇ: ನಮ್ಮ ಲೋಲಾ ಓಡಿಂಗ್ ಮತ್ತು ಎದುರುಮನೆಯ ಚಾರಿಂಗ್ ಅತ್ತೆ, ನಮ್ಮ ಮಾತಿನಲ್ಲಿ ತಿಯಾ ಚಾರಿಂಗ್. ಪಾದ್ರಿಗಳಿಗೆ ಈ ಪದ್ಧತಿ ತಿಳಿಯದು. ದಯವಿಟ್ಟು ಹೇಳಬೇಡಿ.

ಹೋದ ವರ್ಷ ಲೋಲಾ ಕೂದಲೆಳೆಯಲ್ಲಿ ಗೆದ್ದಿದ್ದಳು. ಅವಳು ಸ್ವರವನ್ನು ಮೇಲಕ್ಕೇರಿಸಿ ಎಳೆಯುತ್ತಿದ್ದಾಗ ನನ್ನ ಚಿಕ್ಕಪ್ಪ ಬೆಂತೊನ ಕಾಳಗದ ಹುಂಜ ಮಧ್ಯೆ ಬಾಯಿ ಹಾಕಿ ಅಂಕ ತಿಂದುಬಿಟ್ಟಿತ್ತು. "ಹುಂಜ ನಿನಗಿಂತ ಶ್ರುತಿಯಲ್ಲಿತ್ತು ಮನಾಂಗ್" ಎಂದು ತಿಯಾ ಚಾರಿಂಗ್ ವರ್ಷವಿಡೀ ಹೇಳಿಕೊಂಡು ತಿರುಗಿದ್ದರು. 'ಮನಾಂಗ್' ಎಂದರೆ ಅಕ್ಕ. ಚುಚ್ಚುವಾಗಲೂ ಅವರು ಮರ್ಯಾದೆ ಬಿಡುವವರಲ್ಲ.

ಲೋಲಾಗೆ ನನ್ನ ಸಂಕಲ್ಪ ರುಚಿಸಲಿಲ್ಲ.

"ಇರೋದಕ್ಕೆ ಏನಾಗಿದೆಯೇ ಇಂದಾಯ್?" ಎಂದಳು. ಮನೆಯ ಹುಡುಗಿಯರೆಲ್ಲ ನಮ್ಮಲ್ಲಿ ಇಂದಾಯ್‌ಗಳೇ.

"ಅದಕ್ಕೆ ಬೆಂಬಲ ನಿಂತುಹೋಗಿದೆ ಲೋಲಾ. ಪರದೆ ಮೇಲೇ ಬರೆದಿದೆ ನೋಡು."

"ನಿನ್ನ ತಾತ ಹೋದ ದಿನಾನೇ ನನ್ನ ಬೆಂಬಲಾನೂ ನಿಂತುಹೋಯ್ತು. ನಾನೇನು ನಿಂತ್ನಾ?"

ಆದರೂ ನಾನು ಸುಮ್ಮನಾಗಲಿಲ್ಲ. ಹಳೆಯದು ಮುದಿ ಎಮ್ಮೆ ಎಂದು ವಿವರಿಸಿದೆ. ಗುಂಡಿ ಒತ್ತಿ, ಅನ್ನಕ್ಕಿಟ್ಟು, ಮೀನು ತೊಳೆದು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಹೊಸದೋ, ಬೆರಳು ಸೋಕಿದರೆ ಸಾಕು, ಎದ್ದು ಕೂರುತ್ತದೆ! ಎಲ್ಲಕ್ಕಿಂತ ಮಿಗಿಲಾಗಿ, ಹೊಸದರಲ್ಲಿ 'ಗದ್ದಲ ನಿವಾರಣೆ' ಎಂಬ ಸೌಲಭ್ಯವಿದೆ. ಮೈಕಿನೊಳಗೆ ಫ್ಯಾನು, ಬೈಕು, ಹುಂಜ ಏನು ನುಸುಳಿದರೂ ಹುಡುಕಿ ಹೊರಗಟ್ಟುತ್ತದೆ.

"ಹುಂಜಾನೂ?" ಲೋಲಾಳ ಕಣ್ಣು ಮಿನುಗಿತು.

"ಹುಂಜಾನೂ."

"ಹಾಕು ಮತ್ತೆ!"

ಶುಕ್ರವಾರವಿಡೀ ಕೂತು ಹಾಕಿದೆ. ಹಳೆಯ ಎಮ್ಮೆ ನಿಧಾನವಾದರೂ ಬಾಯಿ ಬಿಡದೆ ದುಡಿಯುತ್ತಿತ್ತು. ಹೊಸದು ಎದ್ದದ್ದೇ ಪ್ರಶ್ನೆ! ನಿಮ್ಮ ಹೆಸರೇನು? ಹುಟ್ಟಿದ ದಿನ ಯಾವುದು? ನೀವೀಗ ಎಲ್ಲಿದ್ದೀರಿ ಎಂದು ನಾನು ತಿಳಿದುಕೊಳ್ಳಬಹುದೇ? ಮುಖ ತೋರಿಸುವಿರಾ? ಹುಡುಗಿ ಕೇಳಲು ಬಂದ ಬೀಗರೂ ಇಷ್ಟು ವಿಚಾರಿಸಲಾರರು. ನನ್ನಂಥ ನಾಚಿಕೆಯವಳು ಒಂದೊಂದಕ್ಕೂ ಬೆವರುತ್ತಾ ಉತ್ತರಿಸಿದೆ. ಗದ್ದಲ ನಿವಾರಣೆಯನ್ನು ಅತಿ ಹೆಚ್ಚು ಎಂಬಲ್ಲಿಗೆ ತಳ್ಳಿದೆ. ಮೈಕಿನಲ್ಲಿ ಮೆಲ್ಲಗೆ "ನಮಸ್ಕಾರ, ಕೇಳಿಸುತ್ತಿದೆಯಾ?" ಎಂದು ಪರೀಕ್ಷಿಸಿದೆ. ಗಂಟೆ ಹೊಡೆದಷ್ಟು ಸ್ಪಷ್ಟ! ಹಾಡಿಯೂ ನೋಡಬೇಕಿತ್ತು. ಆದರೆ ಕಿಟಕಿ ತೆರೆದಿತ್ತು, ಯಾರಾದರೂ ಕೇಳಿಸಿಕೊಂಡರೆ? ಹಾಡಲಿಲ್ಲ. ಅಲ್ಲೇ ಕೆಟ್ಟೆ.

ಶನಿವಾರ ಮಧ್ಯಾಹ್ನ ಓಣಿಗೆ ಓಣಿಯೇ ಬಂದು ಕೂತಿತು. ತಿಯಾ ಚಾರಿಂಗ್ ಗಂಟಲಿಗೆ ಶುಂಠಿ ಕಷಾಯ ಕುಡಿದು, ಕೆಂಪು ಅಂಗಿ ತೊಟ್ಟು ಬಂದರು. ಲೋಲಾ ಮೈಕು ಹಿಡಿದಳು. ನಾನು ಗುಂಡಿ ಒತ್ತಿದೆ. ಪರದೆ ನೀಲಿಯಾಯಿತು. 'ನವೀಕರಣ ನಡೆಯುತ್ತಿದೆ. ದಯವಿಟ್ಟು ಆರಿಸಬೇಡಿ.'

"ನಿನ್ನೆ ತಾನೇ ಹೊಸದು ಹಾಕ್ದೆ ಅಂದ್ಯಲ್ಲೇ?" ಲೋಲಾ ಕೇಳಿದಳು.

"ಹೌದು ಲೋಲಾ. ಇದು ಹೊಸದರ ಹೊಸದು."

"ಒಂದೇ ರಾತ್ರೀಲಿ ಹಳಸ್ತಾ? ನಿನ್ನೆ ಮಾಡಿದ ಮೀನಿನ ಸಾರು ಇನ್ನೂ ಚೆನ್ನಾಗಿದೆ!"

ಶಾವಿಗೆ ತಣ್ಣಗಾಯಿತು. ಹುರಿದ ಹಂದಿಯ ಗರಿಗರಿ ತೊಗಲು ಮೆತ್ತಗಾಯಿತು. ಚಿಕ್ಕಪ್ಪ ಬೆಂತೊ ಪರದೆಯನ್ನೂ ತನ್ನ ತಟ್ಟೆಯನ್ನೂ ಬಾರಿಬಾರಿಗೂ ನೋಡಿ ಘೋಷಿಸಿದ: "ಅದು ಶೇಕಡಾ ಮೂವತ್ತರಲ್ಲಿ ನಿಂತಿದೆ. ನಾನು ನೂರು ಮುಗಿಸಿದೆ. ಇನ್ನೊಂದು ಸಲ ಬಡಿಸಿ!"

ಅಂತೂ ನವೀಕರಣ ಮುಗಿಯಿತು. ಆಮೇಲೆ ಇನ್ನೊಂದು ಪ್ರಶ್ನೆ: ಹಾಡಿನ ತಂತ್ರಾಂಶಕ್ಕೆ ನಿಮ್ಮ ಮೈಕು ಬಳಸಲು ಅನುಮತಿ ಕೊಡುವಿರಾ?

"ನನ್ನ ಮನೆ, ನನ್ನ ಮೈಕು, ನನ್ನ ಗಂಟ್ಲು!" ಲೋಲಾ ಪರದೆಗೇ ಗದರಿದಳು. "ಮಧ್ಯದಲ್ಲಿ ನೀನ್ಯಾರೋ ಕೇಳೋಕೆ?"

ನಾನು ಅವಸರವಾಗಿ 'ಕೊಡುತ್ತೇನೆ' ಒತ್ತಿದೆ. ವಾದ್ಯ ಮೊಳಗಿತು. ಲೋಲಾ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಸ್ವರವೆತ್ತಿದಳು. ಬಾಯಿ ತೆರೆಯಿತು, ಕೊರಳ ನರ ಉಬ್ಬಿತು. ಸ್ಪೀಕರಿನಲ್ಲಿ ಮಾತ್ರ ಬರೀ ವಾದ್ಯ! ಆಳೆತ್ತರದ ಸ್ಪೀಕರುಗಳ ಅಬ್ಬರದಲ್ಲಿ ಅವಳ ಬರಿಗಂಟಲ ದನಿ ಮುಳುಗಿಹೋಯಿತು. ನಡುವೆ ಉಸಿರೆಳೆದುಕೊಳ್ಳುತ್ತಾ "ಬೆಂತೊ, ಆ ಫ್ಯಾನು ಈ ಕಡೆ ತಿರುಗಿಸೋ" ಎಂದಳು ನೋಡಿ, ಅದು ಮಾತ್ರ ಸಮುದ್ರದವರೆಗೂ ಕೇಳಿಸಿತು!

ಹಾಡು ಮುಗಿಯಿತು. ಅಂಕ: ಮೂರು. ಆ ಮೂರೂ ಫ್ಯಾನಿನ ಮಾತಿಗೆ ಬಂದವು ಎಂದು ನನ್ನ ಅಂದಾಜು.

"ಅಯ್ಯೋ ಮನಾಂಗ್, ವಯಸ್ಸಾಯ್ತು ಅಂತ ಕಂಪ್ಯೂಟರಿಗೂ ಗೊತ್ತಾಗೋಯ್ತಾ?" ಎನ್ನುತ್ತಾ ತಿಯಾ ಚಾರಿಂಗ್ ಮೈಕು ಕಸಿದುಕೊಂಡರು. ಲೋಲಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ. ನಸುಕಿನ ಪೂಜೆಯಲ್ಲಿ ಮುಂದೆ ನಿಲ್ಲಲೆಂದೇ ಅವಳು ಹೊಸ ಚಪ್ಪಲಿ ತಂದು ಮಂಚದ ಕೆಳಗೆ ಇಟ್ಟುಕೊಂಡಿದ್ದಳು.

ತಿಯಾ ಚಾರಿಂಗ್ ನಡುವೆ ಉಸಿರೂ ಬಿಡದೆ ಹಾಡಿದರು. ಅವರಿಗೆ ಸೊನ್ನೆ.

ಆಗ ನನಗೆ ಹೊಳೆಯಿತು. ಮಾತಾಡಿದರೆ ಒಳಗೆ ಬಿಡುತ್ತಿದೆ, ಸ್ವರ ಎಳೆದರೆ ಹೊರಗಟ್ಟುತ್ತಿದೆ! ನಾನು ಲೋಲಾಳ ಕಿವಿಯ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಗಟ್ಟಿಯಾಗಿ ಹೇಳೇ, ಗುಬ್ಬಿಮರಿ! ಎಲ್ರಿಗೂ ಗೊತ್ತಾಗ್ಲಿ!" ಎಂದು ಅವಳು ಮೈಕನ್ನು ಕಸಿದು ತಂದು ನನ್ನ ಬಾಯಿಗೇ ಹಿಡಿದಳು.

ನಾನು ಹುಟ್ಟಿದಾಗಿನಿಂದ ಮೈಕು ಹಿಡಿದು ಊರಿಗೆ ಹೇಳಿದ ಮೊದಲ ಮಾತು ಇದು: "ಹೊಸ ಸಿಸ್ಟಮ್ಮು... ನಿನ್ನ ಹಾಡನ್ನ... ಗದ್ದಲ ಅಂದ್ಕೊಂಡಿದೆ ಲೋಲಾ."

ಎಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದರೆ, ದೋಣಿಗಟ್ಟೆಯಲ್ಲಿ ಯಾರೋ ನಕ್ಕರು.

ಚಿಕ್ಕಪ್ಪ ಬೆಂತೊ ನಗು ತಡೆಯಲಾರದೆ ಕುರ್ಚಿಯ ಮೇಲೆ ಕುಸಿದ. ಕುರ್ಚಿಯ ಮೇಲೆ ರಿಮೋಟ್ ಇತ್ತು. ಮುಂದಿನ ಹಾಡಿನ ವಾದ್ಯ ಶುರುವಾಯಿತು. ಲೋಲಾಗೆ ಅದರ ಪರಿವೆಯೇ ಇಲ್ಲ. ಮೈಕು ಕೈಯಲ್ಲಿ, ಕೆಂಡ ಕಣ್ಣಲ್ಲಿ!

"ಗದ್ದಲಾನಾ? ಸತ್ತವರ ಮನೇಲಿ ಹಾಡಿದ್ರೆ ಹೆಣಾನೂ ತಲೆದೂಗೋ ಗಂಟ್ಲು ಇದು! ನಿನ್ನ ತೊಟ್ಲು ತೂಗ್ದಾಗ ಗದ್ದಲ ಅನ್ನಿಸ್ಲಿಲ್ವೇನೇ? ಎಮ್ಮೆ ಚೆನ್ನಾಗಿತ್ತು, ಎಮ್ಮೆ ಓಡಿಸಿ ಗಿಣಿ ತಂದ್ಕೂರ್ಸಿದೀಯ! ಏನೇ ಚಾರಿಂಗ್, ಹಲ್ಲು ಕಿರೀತೀಯಾ? ಸೊನ್ನೆ ತಗೊಂಡೋಳಿಗೆ ನಗು ಬೇರೆ ಕೇಡು! ಬೆಂತೊ, ನಿನ್ನ ಹುಂಜಾನ ಇವತ್ತೇ ಸಾರು ಮಾಡ್ತೀನಿ!"

ಒಂದು ಅಕ್ಷರ ಜಾರಲಿಲ್ಲ, ಒಂದು ತಾಳ ತಪ್ಪಲಿಲ್ಲ. ಅವಳು ಉಸಿರಿಗೆಂದು ನಿಂತದ್ದೂ ವಾದ್ಯ ನಿಂತದ್ದೂ ಒಟ್ಟಿಗೆ. ಕಹಳೆ ಮೊಳಗಿತು. ಪರದೆಯ ಮೇಲೆ ಚಿನ್ನದ ಬಣ್ಣದಲ್ಲಿ ಮೂಡಿತು: ತೊಂಬತ್ತೊಂಬತ್ತು!

ಓಣಿಗೆ ಓಣಿಯೇ ಎದ್ದು ಚಪ್ಪಾಳೆ ತಟ್ಟಿತು.

"ಅದು ಹಾಡೇ ಅಲ್ಲ!" ತಿಯಾ ಚಾರಿಂಗ್ ಚೀರಿದರು.

"ಕಂಪ್ಯೂಟರ್ ಕೊಟ್ಟ ಅಂಕ, ದೇವರು ಕೊಟ್ಟ ಹಾಗೆ" ಎಂದು ಚಿಕ್ಕಪ್ಪ ತೀರ್ಪು ಕೊಟ್ಟ. ತೀರ್ಪಿನಲ್ಲಿ ಹುಂಜದ ಪ್ರಾಣಭಯವೂ ಇತ್ತು.

ಜನರೆಲ್ಲ ಹೋದ ಮೇಲೆ ನಾನು ತಲೆತಗ್ಗಿಸಿ ಲೋಲಾಳ ಮುಂದೆ ನಿಂತೆ. "ತಪ್ಪಾಯ್ತು ಲೋಲಾ. ಹಳೇದನ್ನೇ ವಾಪಸ್ ಹಾಕಿಬಿಡ್ತೀನಿ."

ಅವಳು ಹೊಸ ಚಪ್ಪಲಿ ಮೆಟ್ಟಿ ನೋಡುತ್ತಿದ್ದವಳು ತಲೆಯೆತ್ತಿದಳು. "ಮುಟ್ಟಿದ್ರೆ ಕೈ ಮುರೀತೀನಿ! ಹಳೇದ್ರಲ್ಲಿ ಹಾಡಿದ್ರೆ ಮಾತ್ರ ಅಂಕ ಬರ್ತಿತ್ತು. ಹೊಸದ್ರಲ್ಲಿ ಬೈದ್ರೂ ಬರುತ್ತೆ. ಯಾವ್ದು ಮೇಲು, ನೀನೇ ಹೇಳು. ಕಂಪ್ಯೂಟರ್ ಕಲ್ತೋಳು ನೀನು."

ಅಷ್ಟರಲ್ಲಿ ಬಾಗಿಲಲ್ಲಿ ತಿಯಾ ಚಾರಿಂಗ್ ಕಾಣಿಸಿಕೊಂಡು, ನನ್ನನ್ನು ಪಕ್ಕಕ್ಕೆ ಕರೆದು, ಕಿವಿಯಲ್ಲಿ ಒಂದು ಮಾತು ಕೇಳಿದರು. ನಾಚಿಕೆಯಿಂದ ಇಲ್ಲವೆನ್ನಲಾಗಲಿಲ್ಲ.

ನಾಳೆ ಬೆಳಿಗ್ಗೆ ಎದುರುಮನೆಗೆ ಹೋಗಿ ಅವರ ಕಂಪ್ಯೂಟರಿಗೂ ಹೊಸದನ್ನು ಹಾಕಿಕೊಡುತ್ತೇನೆ. ಆಮೇಲೆ ಅವರ ಅಭ್ಯಾಸ ಮುಗಿಯುವವರೆಗೆ ಮೈಕಿನ ಮುಂದೆ ನಿಂತು ಬೈಸಿಕೊಳ್ಳುತ್ತೇನೆ.